ಕ್ಲೋರಿನ್‌ನ 35.5: ಅರ್ಧ ನ್ಯೂಟ್ರಾನ್ ಎಲ್ಲಿಂದ ಬಂತು?

ಕ್ಲೋರಿನ್‌ನ ಪರಮಾಣು ರಾಶಿ 35.5, ಪ್ರೋಟಾನ್ 17. ಹಾಗಾದರೆ ಉಳಿದ 18.5 ನ್ಯೂಟ್ರಾನ್‌ಗಳಲ್ಲಿ ಆ ಅರ್ಧ ಯಾವುದು ಎಂದು ಒಂಬತ್ತನೇ ತರಗತಿಯ ನಿಮ್ಮ ಮಗಳು ಕೇಳಿದ್ದಾಳೆ. ಎಂಥ ಒಳ್ಳೆಯ ಪ್ರಶ್ನೆ! ದಯವಿಟ್ಟು "ಬಾಯಿಪಾಠ ಮಾಡು ಸಾಕು" ಎನ್ನಬೇಡಿ.

ಅರ್ಧ ನ್ಯೂಟ್ರಾನ್ ಎಂಬುದು ಇಲ್ಲವೇ ಇಲ್ಲ. 35.5 ರಾಶಿಯ ಒಂದೇ ಒಂದು ಕ್ಲೋರಿನ್ ಪರಮಾಣುವೂ ಸಿಗದು. ಅದು ಸರಾಸರಿ.

ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವಳ ಅಂಗೈಯಲ್ಲಿಡಿ. ಅದರಲ್ಲಿ ಎರಡು ಬಗೆಯ ಕ್ಲೋರಿನ್ ಬೆರೆತಿದೆ. ಎರಡರಲ್ಲೂ ಪ್ರೋಟಾನ್ 17. ಒಂದರಲ್ಲಿ ನ್ಯೂಟ್ರಾನ್ 18, ಇನ್ನೊಂದರಲ್ಲಿ 20. ಹಾಗಾಗಿ ರಾಶಿ ಸಂಖ್ಯೆ 35 ಮತ್ತು 37. ಇವೇ ಐಸೋಟೋಪುಗಳು. ಪ್ರತಿ ನಾಲ್ಕು ಪರಮಾಣುಗಳಲ್ಲಿ ಹೆಚ್ಚುಕಡಿಮೆ ಮೂರು 35ರವು, ಒಂದು 37ರದು. ಅವಳ ಕೈಯಿಂದಲೇ ಲೆಕ್ಕ ಮಾಡಿಸಿ: ಮೂರು 35 ಸೇರಿ 105, ಅದಕ್ಕೆ 37 ಕೂಡಿದರೆ 142, ನಾಲ್ಕರಿಂದ ಭಾಗಿಸಿದರೆ 35.5. ನಿಖರ ಪ್ರಮಾಣ ಸುಮಾರು 76ಕ್ಕೆ 24. ಪರಮಾಣುಗಳ ನಿಜವಾದ ರಾಶಿಯೂ 35 ಮತ್ತು 37ಕ್ಕಿಂತ ತುಸು ಕಡಿಮೆ. ಅದಕ್ಕೇ ಕೆಲವು ಆವರ್ತ ಕೋಷ್ಟಕಗಳಲ್ಲಿ 35.45 ಎಂದಿರುತ್ತದೆ.

ತೂಕ ಬೇರೆಯಾದರೂ ಎರಡೂ ಕ್ಲೋರಿನ್ನೇ ಏಕೆ? ಯಾವ ಧಾತು ಎಂಬುದನ್ನು ನಿರ್ಧರಿಸುವುದು ಪ್ರೋಟಾನ್‌ಗಳ ಸಂಖ್ಯೆ. ಅಷ್ಟೇ ಎಲೆಕ್ಟ್ರಾನ್‌ಗಳು ಸುತ್ತ ಇರುವುದರಿಂದ ಸೋಡಿಯಂ ಜೊತೆ ಎರಡೂ ಒಂದೇ ರೀತಿ ಕೂಡುತ್ತವೆ, ನಾಲಿಗೆಗೂ ವ್ಯತ್ಯಾಸ ತಿಳಿಯದು.

ಇದೇ ದಶಮಾಂಶ ಹಿಂದಿನ ರಸಾಯನ ವಿಜ್ಞಾನಿಗಳನ್ನೂ ಬಹಳ ಕಾಡಿತ್ತು. ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನಿ ಫ್ರಾನ್ಸಿಸ್ ಆಸ್ಟನ್, ಪರಮಾಣುಗಳನ್ನು ರಾಶಿಗೆ ತಕ್ಕಂತೆ ಬೇರ್ಪಡಿಸುವ ತಮ್ಮ ಉಪಕರಣದಲ್ಲಿ, 35 ಮತ್ತು 37ರ ಗುರುತುಗಳನ್ನು ಬೇರೆಬೇರೆಯಾಗಿ ತೋರಿಸಿದರು; 1922ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಮಗಳಿಗೆ ಇದನ್ನು ಮರೆಯದೆ ಹೇಳಿ.