ಎಕ್ಸ್ ಅಕ್ಷಕ್ಕೆ ವೈ = 0 ಯಾಕೆ?

ಪ್ರಶ್ನೆ: ಮೇಷ್ಟ್ರೇ, ಮಗಳು ಎಸ್ಸೆಸ್ಸೆಲ್ಸಿ. ಎಕ್ಸ್ ಅಕ್ಷದ ಸಮೀಕರಣ ಕೇಳಿದರೆ ಪ್ರತಿ ಸಲ ಎಕ್ಸ್ = 0 ಅಂತಲೇ ಬರೆಯುತ್ತಾಳೆ. ವೈ = 0 ಅಂತ ಬಾಯಿಪಾಠ ಮಾಡಿಸಿದರೂ ಮತ್ತೆ ಅದೇ ಕಥೆ. ಕಾರಣ ಹೇಳೋಣ ಅಂದರೆ ನನಗೂ ಗೊತ್ತಿಲ್ಲ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಬಾಯಿಪಾಠ ಬಿಡಿಸಿ ತಾಯಿ. ಒಂದು ಗ್ರಾಫ್ ಹಾಳೆ ಕೊಟ್ಟು ಎಕ್ಸ್ ಅಕ್ಷದ, ಅಂದರೆ ನಡುವಿನ ಅಡ್ಡಗೆರೆಯ ಮೇಲೆ ಮಗಳಿಗೆ ಬೇಕಾದ ಕಡೆ ನಾಲ್ಕು ಚುಕ್ಕಿ ಇಡಲು ಹೇಳಿ. ಅವುಗಳ ನಿರ್ದೇಶಾಂಕಗಳನ್ನು ಒಂದರ ಕೆಳಗೊಂದು ಬರೆಯಲಿ: (1, 0), (4, 0), (−3, 0), (2.5, 0). ಮೊದಲ ಸಂಖ್ಯೆ, ಅಂದರೆ ಎಕ್ಸ್, ಬದಲಾಗುತ್ತಲೇ ಇದೆ. ಎರಡನೆಯದು, ಅಂದರೆ ವೈ, ಎಲ್ಲದರಲ್ಲೂ ಸೊನ್ನೆ, ಅಲ್ವಾ? ಆ ಗೆರೆಯ ಮೇಲಿನ ಎಲ್ಲ ಬಿಂದುಗಳಿಗೂ ಒಪ್ಪುವ, ಬೇರೆ ಯಾವ ಬಿಂದುವಿಗೂ ಒಪ್ಪದ ಮಾತೇ ಅದರ ಸಮೀಕರಣ. ಹಾಗಾಗಿ ವೈ = 0. ಎಕ್ಸ್ = 0 ಅಂದರೆ (0, 4), (0, −1) ಬಿಂದುಗಳಿರುವ ನಿಂತ ಗೆರೆ, ಅಂದರೆ ವೈ ಅಕ್ಷ.

ಗೊಂದಲ ಇನ್ನೊಂದು ಕಡೆಯೂ ಕಾಡುತ್ತದೆ. (3, 5) ಬಿಂದು ಎಕ್ಸ್ ಅಕ್ಷದಿಂದ ಎಷ್ಟು ದೂರ? ಎಕ್ಸ್ ಅಂದ ತಕ್ಷಣ ಮಕ್ಕಳು 3 ಅನ್ನುತ್ತಾರೆ. ಉತ್ತರ 5. ನಿಮ್ಮ ಮುಳ್ಳಯ್ಯನಗಿರಿ ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್ ಎತ್ತರ ಅನ್ನುತ್ತೇವೆ. ಆ ಲೆಕ್ಕದಲ್ಲಿ ಬೆಟ್ಟ ಕಡಲಿನಿಂದ ಎಷ್ಟು ಒಳಗಿದೆ ಅನ್ನುವುದು ಬರುವುದೇ ಇಲ್ಲ. ಎಕ್ಸ್ ಅಕ್ಷವೂ ಸಮುದ್ರ ಮಟ್ಟದ ಹಾಗೆ. ಅದರಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಅನ್ನುವುದನ್ನು ವೈ ಹೇಳುತ್ತದೆ. (−4, −2) ಕೊಟ್ಟರೆ ದೂರ 2. ದೂರಕ್ಕೆ ಮೈನಸ್ ಹಾಕಬಾರದು. ಇಲ್ಲಿ ಸುಮ್ನೆ ಒಂದು ಅಂಕ ಹೋಗುತ್ತದೆ, ನೋಡಿ ನನಗೆ ಸಂಕಟವಾಗುತ್ತದೆ.

ಇದು ಗಟ್ಟಿಯಾದರೆ ಬಹುಪದೋಕ್ತಿಯ ಪಾಠದಲ್ಲೂ ಅನುಕೂಲ. ವೈ = ಎಕ್ಸ್² − 5ಎಕ್ಸ್ + 6 ನಕ್ಷೆ ಬರೆಸಿ. ಗೆರೆ ಬಾಗಿ ಇಳಿದು ಎಕ್ಸ್ ಅಕ್ಷವನ್ನು 2ರಲ್ಲಿ ದಾಟುತ್ತದೆ. ಸ್ವಲ್ಪವೇ ಕೆಳಗೆ ಹೋಗಿ 3ರಲ್ಲಿ ಮತ್ತೆ ಮೇಲೇಳುತ್ತದೆ. ಶೂನ್ಯತೆ, ಅಂದರೆ ನಕ್ಷೆ ಎಕ್ಸ್ ಅಕ್ಷವನ್ನು ಮುಟ್ಟುವ ಕಡೆಯ ಎಕ್ಸ್ ಬೆಲೆ, ಹುಡುಕುವಾಗ ಬಹುಪದೋಕ್ತಿಯನ್ನು ಸೊನ್ನೆಗೆ ಸಮ ಮಾಡುವುದು ಯಾಕೆ ಅಂತ ಆಗ ಅವಳನ್ನೇ ಕೇಳಿ. ಆ ಎರಡೂ ಬಿಂದು ಎಕ್ಸ್ ಅಕ್ಷದ ಮೇಲಿವೆ, ಅಲ್ಲಿ ವೈ ಸೊನ್ನೆ ಅಂತ ಅವಳೇ ಹೇಳುತ್ತಾಳೆ.