ಸಂಪಾದಕರ ಉತ್ತರ: ಅವ್ವನ ಹೆಬ್ಬೆಟ್ಟು
ಬಾಗಲಕೋಟೆ ನವನಗರದ ಓದುಗರೊಬ್ಬರು ಬರೆದಿದ್ದಾರೆ: ಎಪ್ಪತ್ತು ದಾಟಿದ ಅವರ ತಾಯಿಯ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೋಗಿದೆ. ಓಟಿಪಿ ಬಂದಿಲ್ಲ, ಎಟಿಎಂ ಕಾರ್ಡೇ ಇಲ್ಲ. ‘ನಾ ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲಪಾ, ರೊಕ್ಕ ಹೆಂಗ ಹೋತು?’ ಎಂದು ಅವ್ವ ಅಳುತ್ತಾರೆ. ಮರುದಿನವೇ ಬ್ಯಾಂಕಿಗೆ ಹೋದರೆ, ‘ಬೆರಳಚ್ಚು ಹೊಂದಿದೆ, ನೀವೇ ತೆಗೆದಿರಬೇಕು’ ಎಂದರಂತೆ. ಕೊನೆಗೆ ಓದುಗರ ಪ್ರಶ್ನೆ: ‘ನಮ್ಮ ಜನರ ಅಜ್ಞಾನವೇ ಇದಕ್ಕೆಲ್ಲ ಕಾರಣ ಅಲ್ಲವೇ?’

ಎಚ್ಚರ ಬೇಕು, ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ. ಕದ್ದವನನ್ನು ಬಿಟ್ಟು ಕಳಕೊಂಡವಳನ್ನು ಬೈಯುವ ಈ ಚಾಳಿ ನಿಮ್ಮಂಥ ತಿಳಿದವರಿಗೂ ಅಂಟಿದೆಯಲ್ಲ ಎಂದು ಬೇಸರವಾಯಿತು.

ಹೆಬ್ಬೆಟ್ಟಿನ ಕಥೆ ಹಳೆಯದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈಗೆ ಮಸಿ ಬಳಿದು ಕರಾರಿನ ಮೇಲೆ ಒತ್ತಿಸಿದ. ನಾಳೆ ಆತ ‘ಇದು ನನ್ನದಲ್ಲ’ ಎನ್ನಬಾರದು ಎಂಬುದು ಉದ್ದೇಶ. ಬಡವನನ್ನು ನಂಬದ ಆ ಮನಸ್ಸು ಇಂದಿಗೂ ಕೌಂಟರಿನ ಆಚೆ ಕೂತಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಒಬ್ಬರ ಹೆಸರು ಕದಿಯಬೇಕಾದರೆ ಕಳ್ಳ ಸ್ವತಃ ಸಬ್ ರಿಜಿಸ್ಟ್ರಾರ್ ಎದುರು ನಿಲ್ಲಬೇಕಿತ್ತು, ಜೊತೆಗೆ ಸುಳ್ಳು ಸಾಕ್ಷಿ ಬೇಕಿತ್ತು. ಆಮೇಲೆ ಚೆಕ್ಕಿನ ಸಹಿ, ಎಟಿಎಂ ಕಾರ್ಡಿನ ನಕಲು, ನಿಮ್ಮ ನಂಬರಿನ ಹೊಸ ಸಿಮ್ ಅನ್ನೇ ನಿಮ್ಮ ಹೆಸರಲ್ಲಿ ತಾನು ಪಡೆದುಕೊಳ್ಳುವುದು. ಈಗ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು, ಬ್ಯಾಂಕ್ ಏಜೆಂಟರ ಕೈಯಲ್ಲಿರುವ ಪುಟ್ಟ ಯಂತ್ರ ಮೈಕ್ರೋ ಎಟಿಎಂನಲ್ಲಿ ಓಟಿಪಿ ಇಲ್ಲದೆ ಹಣ ಬರುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಎತ್ತಿ ಹಣ ತೆಗೆದ ಪ್ರಕರಣಗಳು ಹೊರಬಿದ್ದವು. ಪಾಸ್‌ವರ್ಡ್ ಆದರೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ?

ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಊರು ನಮ್ಮದು. ಪರಿಹಾರಕ್ಕೆ, ನಿವೇಶನಕ್ಕೆ, ಹಕ್ಕುಪತ್ರಕ್ಕೆ ಎಷ್ಟು ಕಚೇರಿಯಲ್ಲಿ ಎಷ್ಟು ಸಲ ಹೆಬ್ಬೆಟ್ಟು ಒತ್ತಿದ್ದೇವೆ! ಹೋದ ತಿಂಗಳು ಝೆರಾಕ್ಸ್ ಅಂಗಡಿಯೊಂದರಲ್ಲಿ ಹುಡುಗ ನನ್ನ ಲೆಕ್ಕವನ್ನು ಕೆಟ್ಟ ಪ್ರತಿಯೊಂದರ ಬೆನ್ನಿಗೆ ಬರೆದುಕೊಟ್ಟ. ಮಗುಚಿ ನೋಡಿದರೆ ಸೆರಗು ಹೊದ್ದ ಮುದುಕಿಯ ಫೋಟೊ, ಕೆಳಗೆ ಆಧಾರಿನ ಹನ್ನೆರಡೂ ಅಂಕಿ. ಆಕೆ ಯಾವ ಅಜ್ಞಾನ ತೋರಿದಳು, ಹೇಳಿ? ಕೇಳಿದವರಿಗೆ ಕೊಟ್ಟಳು, ಅಷ್ಟೆ. ಲಾಡ್ಜಿನವನಿಗೂ ಪ್ರತಿ ಬೇಕು, ಸಿಮ್ ಮಾರುವವನಿಗೂ ಬೇಕು. ಪಡೆದದ್ದನ್ನು ಎಲ್ಲಿಡುತ್ತೀರಿ, ಯಾವಾಗ ಸುಡುತ್ತೀರಿ ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಾಯಿತು. ಆ ತೀರ್ಪು ನಮ್ಮ ಕಚೇರಿಗಳ ಮೇಜಿನವರೆಗೆ ಇನ್ನೂ ಬಂದಿಲ್ಲ.

ಈಗ ನಿಮ್ಮ ಕೆಲಸ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಬ್ಯಾಂಕಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳಲ್ಲಿ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ, ಅದನ್ನೂ ಅರ್ಜಿಯಲ್ಲಿ ಕಾಣಿಸಿ. ಗುರುತು ಕದಿಯುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗಿನ ಜೈಲಿನ ಅಪರಾಧ, ಪೊಲೀಸರು ‘ನೋಡೋಣ’ ಎಂದರೆ ಏಳಬೇಡಿ. ಆಧಾರಿನ ಅಧಿಕೃತ ಆ್ಯಪ್‌ನಲ್ಲಿ ಅವ್ವನ ಬಯೋಮೆಟ್ರಿಕ್, ಅಂದರೆ ಬೆರಳಚ್ಚಿನ ಗುರುತು, ಲಾಕ್ ಮಾಡಿ. ರೇಷನ್ ತರುವ ದಿನ ಮೊಮ್ಮಕ್ಕಳು ಜೊತೆಗಿದ್ದು ತೆರೆದುಕೊಡಲಿ, ತೊಂದರೆಯೇನೋ ನಿಜ. ಪ್ರತಿ ಕೊಡಲೇಬೇಕಾದಲ್ಲಿ ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆಯೆಂದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿಕೊಳ್ಳಿ.

ಪತ್ರದ ಜೊತೆ ನೀವು ಅವ್ವನ ಆಧಾರ್ ಪ್ರತಿಯನ್ನೂ ಪಾಸ್‌ಬುಕ್ಕಿನ ಪುಟವನ್ನೂ ಇಟ್ಟಿದ್ದಿರಿ. ಇವು ನನಗೆ ಬೇಕಿರಲಿಲ್ಲ. ಎರಡನ್ನೂ ಸ್ಪೀಡ್ ಪೋಸ್ಟಿನಲ್ಲಿ ವಾಪಸು ಕಳಿಸಿದ್ದೇನೆ, ಕಚೇರಿಯಲ್ಲಿ ನಕಲು ಉಳಿಸಿಕೊಂಡಿಲ್ಲ. ಲಕೋಟೆ ತಲುಪಿದ ಮೇಲೆ ಅವ್ವನ ಕೈಗೇ ಕೊಡಿ.