ಟ್ರೇಸಿ ಚಾಪ್‌ಮನ್ ಹಾಡು ಹಂಚಿದ್ದಕ್ಕೆ ಗೆಳತಿ ಮಾತು ಬಿಟ್ಟಿದ್ದಾಳೆ

ಪ್ರಶ್ನೆ: ನನಗೆ 51 ವರ್ಷ. ಹಾಸ್ಟೆಲ್ಲಿನಲ್ಲಿದ್ದಾಗ ಯಾರದೋ ಕ್ಯಾಸೆಟ್ಟಿನಲ್ಲಿ ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್ ಹಾಡು ಕೇಳಿದೆ. ಅಂದಿನಿಂದ ಅವಳೆಂದರೆ ಜೀವ. ಎರಡು ವರ್ಷದಿಂದ ಅವಳ ಹಾಡುಗಳಿಗೆ ಕನ್ನಡ ಅನುವಾದ ಸೇರಿಸಿ ಪೂರ್ತಿ ಯೂಟ್ಯೂಬಿಗೆ ಹಾಕುತ್ತಿದ್ದೇನೆ. ಟೆಲಿಗ್ರಾಮ್ ಗುಂಪಿನಲ್ಲಿ ಎಂಪಿ3 ಕೂಡ ಕೊಡುತ್ತೇನೆ. ಒಂದು ರೂಪಾಯಿ ದುಡಿದಿಲ್ಲ. ಭಾವಗೀತೆ ಹಾಡುವ ನನ್ನ ಬಾಲ್ಯದ ಗೆಳತಿ "ನೀನು ಮಾಡ್ತಿರೋದು ಕಳ್ಳತನ ಕಣೇ" ಅಂದಳು. ನಾನೂ ಏನೇನೋ ಅಂದೆ. ಒಂದು ತಿಂಗಳಿಂದ ಮಾತಿಲ್ಲ. ಟ್ರೇಸಿ ಬೆಳಕಿಗೆ ಬಂದದ್ದೇ ಕಾಪಿ ಮಾಡಿದ ಟೇಪಿನಿಂದ ಅಲ್ವಾ? ಎಲ್ಲ ಅಳಿಸಿಬಿಡಲಾ?
(ಹೆಸರು ಬೇಡ, ಶಿವಮೊಗ್ಗ)

ಉತ್ತರ: ಹಾಸ್ಟೆಲ್ಲಿನ ಆ ಕ್ಯಾಸೆಟ್ಟಿನ ಮಾತು ಓದಿ ಖುಷಿಯಾಯಿತು. ಮೂವತ್ತು ವರ್ಷ ದಾಟಿದರೂ ಒಬ್ಬರ ಹಾಡನ್ನು ಹೀಗೆ ಎದೆಯಲ್ಲಿ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಆದರೂ ಸುತ್ತಿ ಬಳಸದೆ ಹೇಳುತ್ತೇನೆ. ಎಂಪಿ3 ಫೈಲುಗಳನ್ನೂ ಪೂರ್ತಿ ಹಾಡಿನ ವಿಡಿಯೊಗಳನ್ನೂ ತೆಗೆದುಬಿಡಿ.

ಟೇಪಿನ ಕಥೆ ನಿಜ. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಜೊತೆಗೆ ಓದುತ್ತಿದ್ದ ಬ್ರಯಾನ್ ಕೊಪ್ಪಲ್‌ಮನ್, ಕಾಲೇಜು ರೇಡಿಯೊದಲ್ಲಿದ್ದ ಟ್ರೇಸಿಯ ಟೇಪನ್ನು ಕಾಪಿ ಮಾಡಿಕೊಂಡು ಅಪ್ಪನಿಗೆ ಕೇಳಿಸಿದರು. ಅಪ್ಪ ಸಂಗೀತ ಪ್ರಕಾಶಕರು. ಆ ಕಾಪಿ ಹೋದದ್ದು ಒಬ್ಬರ ಕೈಗೆ. ಆಮೇಲೆ ಒಪ್ಪಂದ ಮಾಡಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು ಟ್ರೇಸಿಯವರೇ. 1988ರಲ್ಲಿ ಮೊದಲ ಆಲ್ಬಮ್ ಬಂತು. ನಿಮ್ಮ ಟೆಲಿಗ್ರಾಮ್ ಗುಂಪಿನಲ್ಲಿ ಅವರಿಗೆ ಅಂಥ ತೀರ್ಮಾನದ ಅವಕಾಶವೇ ಇಲ್ಲ.

ಈ ವಿಷಯದಲ್ಲಿ ಅವರು ಎಷ್ಟು ಗಟ್ಟಿ ಎಂಬುದು ಇಷ್ಟು ವರ್ಷದ ಅಭಿಮಾನಿಯಾದ ನಿಮಗೆ ಗೊತ್ತಿರಬಹುದು. 2018ರಲ್ಲಿ ರ‍್ಯಾಪರ್ ನಿಕಿ ಮಿನಾಜ್, ಟ್ರೇಸಿಯ ಒಂದು ಹಾಡನ್ನು ತಮ್ಮ ಹೊಸ ಹಾಡಿನಲ್ಲಿ ಬಳಸಿಕೊಳ್ಳಲು ಕೇಳಿದಾಗ ಟ್ರೇಸಿ ಒಪ್ಪಲಿಲ್ಲ. ನಿಕಿಯ ಆಲ್ಬಮ್ಮಿನಿಂದ ಆ ಹೊಸ ಹಾಡು ಹೊರಗುಳಿಯಿತು, ಆದರೆ ನ್ಯೂಯಾರ್ಕಿನ ರೇಡಿಯೊದಲ್ಲಿ ಪ್ರಸಾರವಾಗಿ ಆನ್‌ಲೈನಿಗೂ ಹಬ್ಬಿತು. ಟ್ರೇಸಿ ಕೋರ್ಟಿಗೆ ಹೋದರು. ಸ್ಟುಡಿಯೊದೊಳಗೆ ಪ್ರಯೋಗ ಮಾಡಿ ನೋಡಿದ್ದು ತಪ್ಪಲ್ಲ ಎಂದು 2020ರಲ್ಲಿ ನ್ಯಾಯಾಧೀಶರು ಹೇಳಿದರು. ಅದನ್ನು ಹೊರಗೆ ಹಂಚಿದ ಪ್ರಶ್ನೆ ಮಾತ್ರ ವಿಚಾರಣೆಗೆ ಉಳಿಯಿತು. ವಿಚಾರಣೆ ಶುರುವಾಗುವ ಮೊದಲೇ 4,50,000 ಡಾಲರಿಗೆ ಅದು ಇತ್ಯರ್ಥವಾಯಿತು. ನೀವು ಅನುವಾದ ಮಾಡಿ ಡೈರಿಯಲ್ಲಿ ಬರೆದಿಟ್ಟುಕೊಂಡರೆ ಯಾರದೂ ತಕರಾರಿಲ್ಲ. ಹೊರಗೆ ಹಂಚುವಾಗಲೇ ಕೇಳಬೇಕಾದದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಅನುವಾದದ ಹಕ್ಕು ಬರೆದವರದೇ.

ದುಡಿದಿಲ್ಲ ಅಂದಿರಿ. ನಂಬುತ್ತೇನೆ. ಆದರೆ ಫೈಲ್ ಸಿಕ್ಕವರು ಮತ್ತೆ ಕೊಂಡು ಕೇಳುವುದು ಕಡಿಮೆ. ಮೊದಲ ಆಲ್ಬಮ್ 2025ರಲ್ಲಿ ಮತ್ತೆ ವಿನೈಲ್ ರೂಪದಲ್ಲಿ ಬಂದಾಗ ಟ್ರೇಸಿ ಒಂದು ಸಂದರ್ಶನ ಕೊಟ್ಟರು. ತಾವು ಸ್ಟ್ರೀಮಿಂಗ್‌ನಲ್ಲಿ ಹಾಡು ಕೇಳುವುದಿಲ್ಲ, ಸಿಡಿಯನ್ನೋ ವಿನೈಲನ್ನೋ ಕೊಂಡರೆ ಕಲಾವಿದರಿಗೆ ಹಣ ಸೇರುತ್ತದೆ ಎಂದರು. ಅಂಥವರ ಹಾಡನ್ನು ಸುಮ್ನೆ ಹಂಚುವಾಗ ನಿಮಗೇ ಒಳಗೆಲ್ಲೋ ಚುಚ್ಚಿರಬೇಕು. ಅದಕ್ಕೇ ಈ ಪತ್ರ ಬರೆದಿರಿ ಅನ್ನಿಸುತ್ತದೆ.

ಹಾಡು ಹರಡಬಾರದು ಅಂತ ನಾನು ಹೇಳುತ್ತಿಲ್ಲ. 2023ರಲ್ಲಿ ಲೂಕ್ ಕೂಂಬ್ಸ್ ಎಂಬ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ) ಶೈಲಿಯ ಗಾಯಕ 'ಫಾಸ್ಟ್ ಕಾರ್' ಹಾಡಿದರು. ಬರೆದವರು ಟ್ರೇಸಿ ಒಬ್ಬರೇ. ಆದ್ದರಿಂದ ಬರೆದವರ ಪಾಲು ಅವರಿಗೇ ಸೇರಿತು. ಹಾಡು ಬಂದು 35 ವರ್ಷವಾದ ಮೇಲೆ ಅಮೆರಿಕದ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ಕಪ್ಪು ಜನಾಂಗದ ಗೀತರಚನೆಕಾರ್ತಿ ಅವರು. 2024ರ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಒಟ್ಟಿಗೆ ಹಾಡಿದ್ದನ್ನು ನೀವು ಎಷ್ಟು ಸಲ ನೋಡಿದ್ದೀರೋ!

ನಿಮ್ಮ ಚಾನೆಲ್ ಮುಚ್ಚಬೇಡಿ. ನಿಮ್ಮ ದನಿಯಲ್ಲೇ ಮಾತಾಡಿ. ಹಾಸ್ಟೆಲ್ಲಿನ ಆ ರಾತ್ರಿ, ಯಾವ ಸಾಲಿಗೆ ಕಣ್ಣು ತುಂಬಿತು, ಕನ್ನಡದಲ್ಲಿ ಅದನ್ನು ಹೇಗೆ ಹೇಳಲು ಒದ್ದಾಡಿದಿರಿ, ಇದನ್ನೆಲ್ಲ ಹೇಳಿ. ವಿಮರ್ಶೆಗೆಂದು ಒಂದೆರಡು ಸಾಲು ಉದ್ಧರಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಪೂರ್ತಿ ಹಾಡಿಗೆ ಟ್ರೇಸಿಯ ಅಧಿಕೃತ ಚಾನೆಲ್ಲಿನ ಲಿಂಕ್ ಕೊಡಿ. ಸತ್ಯವಾಗಿ ಹೇಳುತ್ತೇನೆ, ಎಂಪಿ3ಗಿಂತ ಈ ಮಾತುಗಳನ್ನೇ ನಾನು ಜಾಸ್ತಿ ಕೇಳಬಯಸುತ್ತೇನೆ.

ಇನ್ನು ನಿಮ್ಮ ಗೆಳತಿ. 'ಕಳ್ಳತನ' ದೊಡ್ಡ ಮಾತೇ, ನೋವಾಗುತ್ತದೆ. ಆದರೆ ಅವರೂ ಹಾಡುವವರು. ಭಾವಗೀತೆಯ ಕ್ಯಾಸೆಟ್ಟುಗಳು ಕಾಪಿಯಾಗಿ ಫುಟ್‌ಪಾತಿನಲ್ಲಿ ಬಿಕರಿಯಾಗುತ್ತಿದ್ದ ಕಾಲವನ್ನು ಕಂಡವರು. ಹಾಡಿದವರ ಕೈಗೆ ಏನೂ ಬರುತ್ತಿರಲಿಲ್ಲ. ಅವರ ಸಿಟ್ಟಿನಲ್ಲಿ ಆ ಹಳೆಯ ಸಂಕಟವೂ ಇರಬಹುದು. ಅದನ್ನು ನೀವು ಎಂದಾದರೂ ಕೇಳಿದ್ದೀರಾ? ಎಲ್ಲ ಅಳಿಸಿದ ಮೇಲೆ ಹೇಳೋಣ ಎಂದು ಕಾಯಬೇಡಿ. ಇವತ್ತೇ ಫೋನ್ ಮಾಡಿ, "ಬಾರೇ, ನೀನೂ ಪಕ್ಕದಲ್ಲಿ ಕೂತ್ಕೋ, ತೆಗೀತೀನಿ" ಅನ್ನಿ. ಅವರ ಹಾಡುಗಳಿಗೆ ಏನಾಯಿತು ಎಂದೂ ಆಗಲೇ ಕೇಳಿ.